ಆರ್ಕಿಡ್ ಸಸಿಗೆ ಗೊಬ್ಬರ ಹಾಕುವ ಮೊದಲು ಬೇರು ನೋಡಿ

ಮಾನ್ಯರೇ,

ಆರ್ಕಿಡ್ ಸಸಿ ಏಳುತ್ತಿಲ್ಲ ಎಂದು ಓದುಗರು ಕೇಳಿದಾಗ ತೋಟಗಾರಿಕೆ ಅಂಕಣಗಳಲ್ಲಿ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಗೊಬ್ಬರ ಹೆಚ್ಚಿಸಿ. ಈ ಸಲಹೆ ದಯವಿಟ್ಟು ನಿಲ್ಲಲಿ. ಕುಂಠಿತ ಸಸಿಗಳಲ್ಲಿ ಬಹುಪಾಲು ಕೆಟ್ಟಿರುವುದು ಬೇರು. ಕೆಟ್ಟ ಬೇರು ಗೊಬ್ಬರ ಹೀರುವುದಿಲ್ಲ. ಕುಂಡದಲ್ಲೇ ಉಳಿದ ಲವಣ ಚೆನ್ನಾಗಿರುವ ಬೇರಿನ ತುದಿಯನ್ನೂ ಸುಟ್ಟು ಕಪ್ಪು ಮಾಡುತ್ತದೆ.

ನಿಧಾನವೆಲ್ಲ ರೋಗವಲ್ಲ. ಫ್ಲಾಸ್ಕಿನಿಂದ (ಪ್ರಯೋಗಾಲಯದಲ್ಲಿ ಸಸಿ ಬೆಳೆಸುವ ಗಾಜಿನ ಸೀಸೆಯಿಂದ) ತೆಗೆದ ಫೆಲನಾಪ್ಸಿಸ್ ಜಾತಿಯ ಆರ್ಕಿಡ್ ಹೂ ಬಿಡಲು 2–3 ವರ್ಷ ಬೇಕು, ಕ್ಯಾಟ್ಲಿಯಾ ಜಾತಿಗೆ 4–7 ವರ್ಷವೂ ಆದೀತು. ಆದರೆ ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತಾ ಹೋದರೆ ಸುಮ್ಮನೆ ಕೂರುವಂತಿಲ್ಲ.

ಆಗ ಸಸಿಯನ್ನು ಮೆಲ್ಲಗೆ ಎತ್ತಿ ನೋಡಬೇಕು. ಒಳ್ಳೆಯ ಬೇರು ಒಣಗಿದಾಗ ಬೆಳ್ಳಿಬಿಳುಪು, ನೀರು ತಾಕಿದ ಕೂಡಲೇ ಹಸಿರು, ತುದಿ ಹೊಳೆಯುತ್ತಿರುತ್ತದೆ. ಬೆರಳಲ್ಲಿ ಒತ್ತಿದರೆ ಗಟ್ಟಿ. ಕೊಳೆತದ್ದಾದರೆ ಹೊರಪದರ ಒದ್ದೆ ಕಾಗದದಂತೆ ಜಾರಿ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಅಂಥವನ್ನು ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಬುಡದಲ್ಲಿ ಅಗರ್ (ಫ್ಲಾಸ್ಕಿನಲ್ಲಿ ಸಸಿ ಬೆಳೆದ ಲೋಳೆಯಂಥ ಪೋಷಕ) ಅಂಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅದರ ಸಕ್ಕರೆಗೇ ಬೂಷ್ಟು ಹಿಡಿಯುವುದು. ಎಲೆಸಂದಿಯಲ್ಲಿ ಹಿಟ್ಟುತಿಗಣೆ ಇದೆಯೇ ಎಂದೂ ನೋಡಿಬಿಡಿ.

ಮರುನಾಟಿಗೆ 5 ಸೆಂ.ಮೀ. ಕುಂಡ ಸಾಕು. 'ಮುಂದೆ ಬೆಳೆಯುತ್ತದಲ್ಲ' ಎಂದು ದೊಡ್ಡ ಕುಂಡಕ್ಕೆ ಹಾಕಿದರೆ ನಡುಭಾಗ ಆರದೆ ಬೇರು ಮತ್ತೆ ಕೊಳೆಯುತ್ತದೆ. ಮಣ್ಣಿನ ಬದಲು ಕುಂಡಕ್ಕೆ ತುಂಬುವ ಮರದ ತೊಗಟೆ ಚೂರು 3–6 ಮಿ.ಮೀ. ಇರಲಿ. ದೊಡ್ಡ ಗಿಡದ ದಪ್ಪ ಚೂರುಗಳಲ್ಲಿ ಸಸಿ ಅಲುಗಾಡಿ, ಬೇರಿನ ಎಳೆ ತುದಿ ಉಜ್ಜಿ ಸಾಯುತ್ತದೆ. ತೊಗಟೆಯ ಬದಲು ಸ್ಫ್ಯಾಗ್ನಮ್ ಪಾಚಿ ಬಳಸುವವರು ಅದನ್ನು ಅದುಮಿ ತುಂಬಬಾರದು.

ನೀರಿನ ಟಿಡಿಎಸ್ (ಕರಗಿರುವ ಲವಣಗಳ ಪ್ರಮಾಣ) 200 ಪಿಪಿಎಂ ಒಳಗಿದ್ದರೆ ನಿಶ್ಚಿಂತೆ. ಗಡಸು ನೀರಿನಿಂದ ಕುಂಡದ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಏರಿ ಕಬ್ಬಿಣಾಂಶ ಸಿಗದಂತಾಗುತ್ತದೆ, ಎಳೆ ಎಲೆ ಹಳದಿಯಾಗುತ್ತದೆ. ಮಳೆನೀರು ಉತ್ತಮವೇ, ಆದರೆ ಅದೊಂದನ್ನೇ ಕೊಡುವವರು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಗೊಬ್ಬರ ಆರಿಸಿಕೊಳ್ಳಬೇಕು. ಪೊಟ್ಟಣದಲ್ಲಿ ಲೀಟರಿಗೆ 2 ಗ್ರಾಂ ಎಂದಿದ್ದರೆ ಸಸಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಸಾರಜನಕ ಹೆಚ್ಚಾಗಿ ಯೂರಿಯಾ ರೂಪದಲ್ಲಿರುವುದಕ್ಕಿಂತ ನೈಟ್ರೇಟ್ ರೂಪದಲ್ಲಿರುವುದು ಮೇಲು. ತಿಂಗಳಿಗೊಮ್ಮೆ ಬರೀ ನೀರು ಧಾರಾಳವಾಗಿ ಹರಿಸಿ ಲವಣ ತೊಳೆಯಿರಿ.

ಫೆಲನಾಪ್ಸಿಸ್ ಸಸಿಗೆ 20–28 ಡಿಗ್ರಿ ಸೆಲ್ಸಿಯಸ್ ಶಾಖ, ಸೋಸಿದ ಬೆಳಕು, ಸದಾ ಮೆಲುವಾಗಿ ಆಡುವ ಗಾಳಿ ಸಾಕು.

ಬೇರು ಕತ್ತರಿಸಿ ನೆಟ್ಟ ಮೇಲೆ ಹೊಸ ತುದಿ ಕಣ್ಣಿಗೆ ಬೀಳುವವರೆಗೆ ಗೊಬ್ಬರ ಮುಟ್ಟಬೇಡಿ. ತೇವಾಂಶ ಮಾತ್ರ ತಪ್ಪದಿರಲಿ. ಮುಂದಿನ ಬಾರಿ ಈ ಪ್ರಶ್ನೆ ಬಂದಾಗ ಗೊಬ್ಬರದ ಹೆಸರಿನ ಬದಲು ಒಳ್ಳೆಯ ಬೇರು, ಕೊಳೆತ ಬೇರುಗಳ ಚಿತ್ರವನ್ನು ಅಕ್ಕಪಕ್ಕ ಪ್ರಕಟಿಸಬೇಕೆಂದು ವಿನಂತಿ.

– ಆರ್ಕಿಡ್ ಬೆಳೆಗಾರರು