ಕಾರ್ಡ್‌ಗೊಂದೇ ಚಿತ್ರ ಸಾಲದು

ಮಾನ್ಯರೇ,

ಗಿಟಾರ್ ಪಾಠದ ಅಂಕಣಗಳಲ್ಲಿ ಪ್ರತಿ ಕಾರ್ಡ್‌ಗೆ, ಅಂದರೆ ಒಟ್ಟಿಗೆ ಮೊಳಗುವ ಸ್ವರಗುಚ್ಛಕ್ಕೆ, ಬೆರಳಿಡುವ ಜಾಗ ತೋರಿಸುವ ಒಂದು ಚಿತ್ರ ಹಾಕಿ ಮುಂದಕ್ಕೆ ಹೋಗುವುದು ರೂಢಿ. ಕಲಿಯುವವರು ಆ ಚಿತ್ರವೇ ಕಾರ್ಡ್ ಅಂದುಕೊಳ್ಳುತ್ತಾರೆ. ಸಿ ಮೇಜರ್ ಎಂದರೆ ಸಿ, ಇ, ಜಿ ಎಂಬ ಮೂರು ಸ್ವರ. ಸಿಯನ್ನು ಷಡ್ಜ ಮಾಡಿಕೊಂಡರೆ ಸ, ಗ, ಪ. ಇವು ಯಾವ ತಂತಿಯಲ್ಲಿ ಕೂತರೂ ಹೆಸರು ಅದೇ, ಬಣ್ಣ ಮಾತ್ರ ಬೇರೆ.

ಶುರುವಿಗೆ ತೆಳುವಾದ ಮೂರು ತಂತಿ ಸಾಕು; ಎಲ್ಲಕ್ಕಿಂತ ತೆಳುವಾದದ್ದೇ ಒಂದನೆಯದು. ಮೂರು, ಎರಡು, ಒಂದನೇ ತಂತಿಗಳಲ್ಲಿ ಕ್ರಮವಾಗಿ 0-1-0 ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆಗಳು; 0 ಎಂದರೆ ಖಾಲಿ ತಂತಿ) ಹಿಡಿದರೆ ತಳದಲ್ಲಿ, ಅಂದರೆ ಎಲ್ಲಕ್ಕಿಂತ ತಗ್ಗಿನ ಸ್ವರವಾಗಿ, ಜಿ. 5-5-3ರಲ್ಲಿ ಸಿ, 9-8-8ರಲ್ಲಿ ಇ. 12-13-12ಕ್ಕೆ ಬಂದರೆ ಮೊದಲಿನದೇ ಒಂದು ಸ್ಥಾಯಿ ಮೇಲೆ. ಪ್ರತಿ ಹಿಡಿತದಲ್ಲೂ ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಸ್ವರದ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕು. ಹೇಳದೆ ಹೋದರೆ ಬೆರಳು ಕಲಿಯುತ್ತದೆ, ಕಿವಿ ಕಲಿಯುವುದಿಲ್ಲ.

ಇದೇ ಆಕಾರವನ್ನು ಪಕ್ಕದ ದಪ್ಪ ತಂತಿಗಳಿಗೆ ಸರಿಸಿದರೆ ಅಪಸ್ವರ ಬರುತ್ತದೆ. ಮಿಕ್ಕ ಪಕ್ಕಪಕ್ಕದ ತಂತಿಗಳ ಶ್ರುತಿಯ ನಡುವೆ ಐದು ಫ್ರೆಟ್ ಅಂತರವಿದ್ದರೆ, ಮೂರು ಮತ್ತು ಎರಡನೆಯದರ ನಡುವೆ ನಾಲ್ಕೇ. ಅನೇಕರು ತಿಂಗಳುಗಟ್ಟಲೆ ಎಡವುವುದು ಇಲ್ಲೇ.

ಆರನೇ ತಂತಿಯ 8, ಐದನೆಯದರ 7 ಒತ್ತಿ ಮೀಟಿ ನೋಡಿ: ಸಿ, ಇ ಎರಡೂ ಸರಿಯಿವೆ, ಆದರೂ ನಾದ ರಾಡಿ. ಮಂದ್ರದಲ್ಲಿ ಷಡ್ಜ, ಗಾಂಧಾರ ಇಷ್ಟು ಹತ್ತಿರ ಕೂತರೆ ಅವುಗಳ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಸಣ್ಣಗೆ ಮೊಳಗುವ ಮೇಲಿನ ಸ್ವರಗಳು) ಒಂದನ್ನೊಂದು ತಿಕ್ಕುತ್ತವೆ. ಬದಲಿಗೆ ಐದನೆಯದರ 3ಕ್ಕೆ ತೋರುಬೆರಳು, ಎರಡನೆಯದರ 5ಕ್ಕೆ ಉಂಗುರಬೆರಳು ಇಟ್ಟು, ಮೂರನೆಯದನ್ನು ಖಾಲಿ ಬಿಡಿ. ತೋರುಬೆರಳನ್ನು ತುಸು ವಾಲಿಸಿದರೆ ನಾಲ್ಕನೇ ತಂತಿ ಸುಮ್ಮನಾಗುತ್ತದೆ. ಈ ಮೂರನ್ನಷ್ಟೇ ಬೆರಳಲ್ಲಿ ಮೀಟಿ. ಗಾಂಧಾರ ಸ್ಥಾಯಿ ದಾಟಿ ಮೇಲೆ ಹೋಯಿತು, ಅದೇ ಕಾರ್ಡ್ ತಿಳಿಯಾಗಿ ಬಿಚ್ಚಿಕೊಂಡಿತು. ಒಬ್ಬರೇ ಹಾಡುವಾಗ ಜೊತೆಗೆ ಇದಕ್ಕಿಂತ ಹಿತವಾದ ಹಿಡಿತ ಕಡಿಮೆ.

ಬೆರಳು ಸಾಲದಾದಾಗ ಪಂಚಮ ಬಿಡಬಹುದು. ಸಿ ಮೇಜರ್‌ಗೆ ಕೋಮಲ ನಿಷಾದ ಸೇರಿದ, ಎಲ್ಲರೂ ಹಿಡಿಯುವ ಸಿ ಸೆವೆನ್‌ನಲ್ಲಿ, ಅಂದರೆ ಐದನೇ ತಂತಿಯಿಂದ 3-2-3-1-0ರಲ್ಲಿ, ಜಿ ಇಲ್ಲವೇ ಇಲ್ಲ. ಗಾಂಧಾರ ಬಿಟ್ಟರೆ ಮಾತ್ರ ಮೇಜರೋ ಮೈನರೋ ಎಂಬ ಗುರುತೇ ಅಳಿಸುತ್ತದೆ.

ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರಿದಂತೆ ಕೇಳಿದರೆ ಮೊದಲು ಒತ್ತು ತಗ್ಗಿಸಿ. ಅತಿಯಾಗಿ ಅದುಮಿದ ತಂತಿ ಬಿಗಿದು ಸ್ವರ ಮೇಲೇರುತ್ತದೆ.

ಕಾರ್ಡ್ ಚಿತ್ರ ಅಚ್ಚು ಹಾಕುವಾಗ ಪ್ರತಿ ತಂತಿಯ ಕೆಳಗೆ ಸ್ವರದ ಹೆಸರನ್ನೂ, ಒಂದರ ಬದಲು ಮೂರು ಹಿಡಿತಗಳನ್ನೂ ಕೊಡಬೇಕೆಂದು ವಿನಂತಿ.

– ಗಿಟಾರ್ ಶಿಕ್ಷಕರೊಬ್ಬರು