‘ಇದು ಯಾರಿಗೆ?’ ಅಂತ ಕೇಳದವರಿಗೆ

ನಿನ್ನೆ ರಾತ್ರಿ ನೂರನೇ ಲಿನೊ ಅಚ್ಚನ್ನು ದಾರಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟೆ. ಲಿನೊ ಅಂದರೆ ಕೆತ್ತಲು ಬರುವ, ನೆಲಹಾಸಿನಂಥ ಹಾಳೆ; ಅದರಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿದರೆ ಅಚ್ಚು. ಎಣ್ಣೆ ಶಾಯಿ, ಒಣಗಲು ಕೆಲವು ದಿನ ಬೇಕು. ಅಷ್ಟರಲ್ಲಿ ಜೊತೆಗಿದ್ದವರಿಗೆ ಥ್ಯಾಂಕ್ಸ್ ಹೇಳುವ ಈ ನಾಲ್ಕು ಮಾತು ಬರೆದುಬಿಡೋಣ ಅಂತ ಕೂತೆ.

ನೂರು ಅಚ್ಚು ಅಂದರೆ ಮಹಾ ಸಾಧನೆಯೇನಲ್ಲ. ಎಲ್ಲವೂ ಅಂಗೈ ಅಗಲದ ಚಿತ್ರಗಳು, ಎಲ್ಲದರಲ್ಲೂ ಬರೀ ಕೈಗಳು. ಸೂಜಿಗೆ ದಾರ ಪೋಣಿಸುವ ಕೈ, ಬೀಗ ತೆಗೆಯುವ ಕೈ, ಏನೂ ಮಾಡದೆ ಮಡಿಲಲ್ಲಿ ಸುಮ್ನೆ ಬಿದ್ದಿರುವ ಕೈ. ಬೇಕು ಅಂತ ಯಾರೂ ಕೇಳಿರಲಿಲ್ಲ, ದುಡ್ಡು ಕೊಡುವವರೂ ಇರಲಿಲ್ಲ. ಮುಗಿಸಲು ಎರಡೂವರೆ ವರ್ಷ ಹಿಡಿಯಿತು.

ನನ್ನ ಹೊಟ್ಟೆಪಾಡಿನ ಕೆಲಸ ನಡೆಯುವುದು ಟ್ಯಾಬ್ಲೆಟ್ ಮೇಲೆ. ಪುಸ್ತಕದ ಮುಖಪುಟ, ಪತ್ರಿಕೆಯ ಚಿತ್ರ, ಆಗಾಗ ಪ್ಯಾಕೆಟ್ ಮೇಲಿನ ಚಿತ್ರ. ಅಲ್ಲಿ ಎಲ್ಲಕ್ಕೂ ಲೇಯರ್ ಇದೆ, ಅಂದರೆ ಬೇರೆ ಬೇರೆಯಾಗಿ ತಿದ್ದಬಹುದಾದ ಪದರ. ತಪ್ಪಾದರೆ ಎರಡು ಬೆರಳಲ್ಲಿ ತಟ್ಟಿದರೆ ಸಾಕು, ಗೆರೆ ಮಾಯ. ಲಿನೊ ಹಿಡಿದ ಮೊದಲ ವಾರ ಉಳಿ ಜಾರಿ ಹೆಬ್ಬೆರಳಿನ ಚಿತ್ರವೇ ಹಾರಿಹೋಯಿತು. ನನಗೇ ಗೊತ್ತಿಲ್ಲದೆ ಎರಡು ಬೆರಳಲ್ಲಿ ಲಿನೊ ಮೇಲೆ ತಟ್ಟಿದ್ದೆ. ಪಕ್ಕದಲ್ಲಿ ಕೂತಿದ್ದ ಮಗಳು ನಕ್ಕಿದ್ದು ಇನ್ನೂ ನಿಂತಿಲ್ಲ. ನಿನಗೂ ಥ್ಯಾಂಕ್ಸ್ ಮರಿ. ಅವತ್ತು ನೀನು ನಗದಿದ್ದರೆ ನಾನು ಅಳುತ್ತಿದ್ದೆ.

ಇನ್ನೊಂದು ಎಡವಟ್ಟು ಹೇಳಲೇಬೇಕು. ಲಿನೊದಲ್ಲಿ ಕೆತ್ತಿದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆ. ಬಲಗೈ ಕೆತ್ತಿದರೆ ಎಡಗೈ ಅಚ್ಚಾಗುತ್ತದೆ. ಇಷ್ಟು ಸಣ್ಣ ವಿಷಯ ಮರೆತು ಮೊದಲ ಒಂಬತ್ತು ಚಿತ್ರ ಕೆತ್ತಿದೆ. ಬರೆಯುವ ಕೈ, ಕತ್ತರಿ ಹಿಡಿದ ಕೈ, ಎಲ್ಲವೂ ಎಡಗೈ! ಎಸೆದುಬಿಡೋಣ ಅಂದುಕೊಳ್ಳುವಾಗ ಅವನ್ನು ನೋಡಿದ ಎಡಚ ಗೆಳೆಯನೊಬ್ಬ ‘ಕೊನೆಗೂ ನಮ್ಮವರನ್ನು ಯಾರೋ ಬರೆದರಲ್ಲ’ ಅಂತ ಸಂಭ್ರಮಪಟ್ಟ. ಅವು ಹಾಗೇ ಉಳಿದವು. ನಾನು ಬೇಕಂತಲೇ ಮಾಡಿದ್ದು ಅಂತ ಅವನು ಇವತ್ತಿನವರೆಗೂ ನಂಬಿದ್ದ. ಕ್ಷಮಿಸು ಮಾರಾಯ.

ನಲವತ್ತನೇ ಚಿತ್ರಕ್ಕೂ ನಲವತ್ತೊಂದನೇ ಚಿತ್ರಕ್ಕೂ ನಡುವೆ ಏಳು ತಿಂಗಳಿವೆ. ಆಗ ಒಂದು ಕಡೆಯಿಂದ ಬರಬೇಕಿದ್ದ ದುಡ್ಡು ಬರಲೇ ಇಲ್ಲ. ಯಾರು ಅಂತ ಹೇಳುವುದಿಲ್ಲ, ಆಮೇಲೆ ಕೊಟ್ಟರು. ಆದರೆ ಆ ತೂತು ಮುಚ್ಚಲು ಸಿಕ್ಕ ಸಿಕ್ಕ ಕೆಲಸವೆಲ್ಲ ಒಪ್ಪಿಕೊಂಡೆ. ಎಲ್ಲರಿಗೂ ಬೇಕಿದ್ದದ್ದು ಒಂದೇ: ‘ಹೋದ ಸಲ ಮಾಡಿದಿರಲ್ಲ, ಅದೇ ತರ ಇನ್ನೊಂದು.’ ಅದೇ ಬಣ್ಣ, ಅದೇ ದುಂಡು ಮುಖ. ನನ್ನನ್ನೇ ನಾನು ನಕಲು ಮಾಡುತ್ತಾ ಕೂತಿದ್ದೆ. ಮಣಿಕಟ್ಟು ನೋವು ಬೇರೆ ಶುರುವಾಯಿತು. ದುಡಿಮೆಯ ಕೆಲಸವೇ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬಾಡಿಗೆ ಕಟ್ಟುವುದು ಅದೇ, ಹೇಳಿದ ದಿನಕ್ಕೆ ಮುಗಿಸುವುದನ್ನು ಕಲಿಸಿದ್ದೂ ಅದೇ. ಆದರೆ ಅದೊಂದೇ ಆದಾಗ ಕೈ ಮಾತ್ರ ಓಡುತ್ತದೆ, ಕಣ್ಣು ಮಲಗಿಬಿಡುತ್ತದೆ.

ಆ ಹೊತ್ತಿನಲ್ಲಿ ನನ್ನ ಅರ್ಧ ಮುಗಿಸಿದ ಕೆಲಸಗಳಲ್ಲಿ ಎರಡನ್ನು ತಾನು ತೆಗೆದುಕೊಂಡು ಮುಗಿಸಿಕೊಟ್ಟ ಗೆಳತಿಗೆ ಏನು ಹೇಳಲಿ? ಅವಳೂ ಚಿತ್ರ ಬರೆದೇ ಬದುಕುವವಳು, ಅವಳಿಗೂ ಗಡುವು ಇತ್ತು. ‘ಬೆಳಿಗ್ಗೆ ಮೇಲ್ ತೆಗೆಯುವ ಮೊದಲು ಒಂದು ಗಂಟೆ ಕೆತ್ತು, ಸಂಜೆಗೆ ಅಂತ ಇಟ್ಟರೆ ಆ ಸಂಜೆ ಬರುವುದೇ ಇಲ್ಲ’ ಅಂತ ಬೈದವಳೂ ಅವಳೇ. ಉಳಿದ ಅರವತ್ತು ಚಿತ್ರ ಆ ಬೆಳಗಿನ ಗಂಟೆಯಲ್ಲೇ ಆಗಿದ್ದು. ಗಟ್ಟಿಯಾದ ಲಿನೊವನ್ನು ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿದರೆ ಉಳಿ ಸಲೀಸಾಗಿ ಓಡುತ್ತದೆ. ರೋಲರ್ ಕೆಳಗೆ ಶಾಯಿ ಹದಕ್ಕೆ ಬಂದಾಗ ಸಣ್ಣಗೆ ಚಿರ್ ಅನ್ನುತ್ತದೆ. ಜಾಸ್ತಿಯಾದರೆ ಪಚಪಚ ಅನ್ನುತ್ತದೆ, ಆಗ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅಚ್ಚೊತ್ತುವ ಪ್ರೆಸ್ ಇಲ್ಲ, ಲಿನೊ ಮೇಲೆ ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಕಾಗದದ ತುದಿ ಹಿಡಿದು ಎತ್ತುವ ಆ ಕ್ಷಣ ಇದೆಯಲ್ಲ, ಅದಕ್ಕೋಸ್ಕರ ಎಷ್ಟು ಬೇಗ ಬೇಕಾದರೂ ಏಳಬಹುದು.

ಆಮೇಲೊಂದು ತಮಾಷೆ ಆಯಿತು. ಈ ಅಚ್ಚುಗಳನ್ನು ನೋಡಿದ ಸಂಪಾದಕಿಯೊಬ್ಬರು ಒಂದು ಪುಸ್ತಕಕ್ಕೆ ಇದೇ ರೀತಿಯ ಚಿತ್ರ ಕೇಳಿದರು. ಹಿಗ್ಗಿ ಹೀರೇಕಾಯಿಯಾದೆ, ಜೊತೆಗೆ ಹೆದರಿಕೆ. ನನ್ನ ಕೈಗಳಿಗೂ ತಿದ್ದುಪಡಿ ಬಂದರೆ? ಗೆಳತಿಯ ತೀರ್ಪು ಎರಡೇ ಮಾತು: ಕೆಲಸ ತಗೋ, ಸರಣಿ ಮುಟ್ಟಬೇಡ. ಸಂಪಾದಕಿಗೆ ಇದನ್ನೇ ಅಳುಕುತ್ತಾ ಹೇಳಿದೆ. ಅವರು ಹೊಸದಾಗಿ ಕೆತ್ತಲು ಸಮಯ ಕೊಟ್ಟರು, ಮುಂಗಡ ಕೊಟ್ಟರು, ಹಕ್ಕು ನನ್ನಲ್ಲೇ ಇರಲಿ ಅಂತ ಒಪ್ಪಂದದಲ್ಲೂ ಬರೆಸಿದರು. ಮೇಡಂ, ಹಿಂದೊಮ್ಮೆ ಓದದೆ ಸಹಿ ಹಾಕಿ ನನ್ನ ಚಿತ್ರವನ್ನು ನಾನೇ ಎಲ್ಲೂ ತೋರಿಸಲಾಗದೆ ಕೂತವಳು ನಾನು. ನಿಮ್ಮ ಆ ಒಂದು ಸಾಲಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಆ ಪುಸ್ತಕದಲ್ಲಿ ‘ಈ ಕೈ ಸ್ವಲ್ಪ ಖುಷಿಯಾಗಿರಲಿ’ ಅಂತ ನಿಜಕ್ಕೂ ತಿದ್ದುಪಡಿ ಬಂತು. ಮಾಡಿಕೊಟ್ಟೆ. ಹೇಗೆ ಅಂತ ಕೇಳಬೇಡಿ.

ಕೊನೆಗೆ ನಮ್ಮ ಮನೆಯವರು. ಊಟದ ಮೇಜು ಕೈತಪ್ಪಿ ಎರಡೂವರೆ ವರ್ಷ ಆಯಿತು. ಟವೆಲ್‌ಗೆಲ್ಲ ಕಪ್ಪು ಶಾಯಿ, ಕಾಲಿಗೆಲ್ಲ ಲಿನೊ ಚೂರು. ಒಂದು ದಿನವೂ ಯಾರಿಗೆ, ಎಷ್ಟಕ್ಕೆ ಅಂತ ಕೇಳಲಿಲ್ಲ. ಬೆಳಿಗ್ಗೆ ನಾನು ಕೆತ್ತುವಾಗ ಫೋನ್ ಬಂದರೆ ತಾವೇ ಎತ್ತಿ ‘ಅವಳು ಕೆಲಸದಲ್ಲಿದ್ದಾಳೆ’ ಅನ್ನುತ್ತಿದ್ದರು. ಕೆಲಸ! ನಾನೇ ಅದನ್ನು ಹಾಗೆ ಕರೆಯಲು ಹಿಂಜರಿಯುತ್ತಿದ್ದೆ.

ನಾಳೆ ಒಂದು ಮುಖಪುಟ ಕಳಿಸಬೇಕು, ಕೂರುತ್ತೇನೆ. ಮೇಜಿನ ಮೂಲೆಯಲ್ಲಿ ಒಂದು ತುಂಡು ಲಿನೊ ಉಳಿದಿದೆ. ಅದರ ಮೇಲೆ ಏನು ಅಂತ ನನಗಿನ್ನೂ ಗೊತ್ತಿಲ್ಲ. ಮನೆಯಲ್ಲಿ ಯಾರೂ ಕೇಳಿಯೂ ಇಲ್ಲ.