ಒಂದೇ ಬಾಗಿಲಿಗೆ ಎರಡು ದೆವ್ವ ಬಂದಾಗ

ಪ್ರಿಯ ಗೆಳೆಯರಿಗೆ, ಬಸವನಗುಡಿಯಿಂದ ನಮಸ್ಕಾರಗಳು.

ನೀವು ಕಳಿಸಿದ ಚಿತ್ರಕಥೆಯನ್ನು ಎರಡು ಸಲ ಓದಿದೆ. ಯುರೋಪಿನ ವ್ಯಾಂಪೈರು, ಚೀನಾದ ಕುಪ್ಪಳಿಸುವ ಹೆಣ ಜಿಯಾಂಗ್‌ಶಿ, ನಮ್ಮ ಬ್ರಹ್ಮರಾಕ್ಷಸ, ತೊಂಬತ್ತರ ದಶಕದ ಬೆಂಗಳೂರಿನ ‘ನಾಳೆ ಬಾ’ ದೆವ್ವ, ಕರಾವಳಿಯ ಗುಳಿಗ, ಇಷ್ಟನ್ನೂ ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿಗೆ ಒಂದೇ ಅಮಾವಾಸ್ಯೆಯ ರಾತ್ರಿ ತಂದಿದ್ದೀರಿ. ಇಂಥ ಕಥೆಗೆ ಈಗ ಪ್ರೇಕ್ಷಕರಿದ್ದಾರೆ ಎಂಬ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಕೇರಳದ ಯಕ್ಷಿಯನ್ನು ನಮ್ಮ ಬೆಂಗಳೂರಿಗೆ ಕರೆತಂದ ಮಲಯಾಳಂ ಚಿತ್ರವೊಂದು 2025ರಲ್ಲಿ ದೊಡ್ಡ ಯಶಸ್ಸು ಕಂಡಿತು. ಆದರೆ ನಲವತ್ತನೆಯ ಪುಟ ದಾಟಿದ ಮೇಲೆ ನಿಮ್ಮ ಐವರೂ ಒಂದೇ ರೀತಿ ಕಿರುಚುತ್ತಾರೆ, ಒಂದೇ ರೀತಿ ಗೋಡೆ ಒಡೆಯುತ್ತಾರೆ. ವೇಷ ಕಳಚಿಬಿಟ್ಟರೆ ಯಾರು ಯಾರೆಂದು ಹೇಳುವುದು ಕಷ್ಟ.

ನಮ್ಮ ಹಳ್ಳಿಗಳ ಮಂತ್ರವಾದಿಗಳು ದೆವ್ವವನ್ನು ಕಟ್ಟುವ ಮಾತಾಡುತ್ತಿದ್ದರು. ಕಥೆಗಾರನಿಗೂ ಆ ಮಾತು ಬೇಕು. ಜನ ಕಲ್ಪಿಸಿಕೊಂಡ ಪ್ರತಿಯೊಂದು ದೆವ್ವಕ್ಕೂ ಒಂದು ಕಟ್ಟು ಇರುತ್ತದೆ: ಅದು ಎಲ್ಲಿಗೆ ಬರಲಾರದು, ಯಾವುದನ್ನು ಮುಟ್ಟಲಾರದು, ಯಾರ ಮಾತನ್ನು ಮೀರಲಾರದು ಎಂಬ ನಿಯಮ. ಬೇರೆ ಬೇರೆ ನಾಡಿನ ದೆವ್ವಗಳನ್ನು ಒಂದೆಡೆ ಸೇರಿಸುವಾಗ ನಾವು ಸೇರಿಸಬೇಕಾದದ್ದು ಈ ಕಟ್ಟುಗಳನ್ನು.

ಅಮೆರಿಕದ ಯೂನಿವರ್ಸಲ್ ಚಿತ್ರಸಂಸ್ಥೆ ದೆವ್ವಗಳನ್ನು ಒಂದೆಡೆ ಸೇರಿಸುವ ಕೆಲಸವನ್ನು ಬಹಳ ಹಿಂದೆಯೇ ಮಾಡಿತು. 1931ರ ಡ್ರಾಕುಲಾ ಮತ್ತು ಫ್ರಾಂಕನ್‌ಸ್ಟೈನ್, 1941ರ ತೋಳಮನುಷ್ಯ ಬೇರೆ ಬೇರೆಯಾಗಿ ಗೆದ್ದ ಮೇಲೆ, 1943ರಲ್ಲಿ ಫ್ರಾಂಕನ್‌ಸ್ಟೈನನ ಕೃತಕ ಮನುಷ್ಯನನ್ನೂ ತೋಳಮನುಷ್ಯನನ್ನೂ ಒಂದೇ ಚಿತ್ರದಲ್ಲಿ ಎದುರುಬದುರು ನಿಲ್ಲಿಸಿದರು. ಹಿಂದಿನ ವರ್ಷದ ಚಿತ್ರದ ಕೊನೆಯಲ್ಲಿ ಆ ಕೃತಕ ಮನುಷ್ಯ ಕುರುಡನಾಗಿದ್ದ. ಆದ್ದರಿಂದ ಬೆಲಾ ಲುಗೋಸಿ ಎರಡೂ ಕೈಗಳನ್ನು ಮುಂದೆ ಚಾಚಿ, ತಡವುತ್ತ ನಡೆಯುವಂತೆ ಆ ಪಾತ್ರವನ್ನು ಅಭಿನಯಿಸಿದರು. ಅವನು ಕುರುಡನೆಂದು ತಿಳಿಸುವ ಮಾತುಗಳು ಮಾತ್ರ ಬಿಡುಗಡೆಗೆ ಮುಂಚೆ ಕತ್ತರಿಗೆ ಸಿಕ್ಕವು. ಕಾರಣ ಹೋಯಿತು, ಚಾಚಿದ ಕೈ ಉಳಿಯಿತು, ಅದನ್ನೇ ಮುಂದಿನ ತಲೆಮಾರುಗಳು ದೆವ್ವದ ನಡಿಗೆಯೆಂದು ಅನುಕರಿಸಿದವು. ಮರುವರ್ಷದ ಚಿತ್ರದಲ್ಲಿ ಡ್ರಾಕುಲಾನನ್ನೂ ಸೇರಿಸಿದರಾದರೂ ಅವನು ಮೊದಲ ಭಾಗದಲ್ಲೇ ಬಿಸಿಲಿಗೆ ಸಿಕ್ಕಿ ಸಾಯುತ್ತಾನೆ. ಉಳಿದಿಬ್ಬರನ್ನು ಅವನು ಭೇಟಿಯಾಗುವುದೇ ಇಲ್ಲ.

ಕಾರಣ ಹೇಳುವ ಮಾತು ಕತ್ತರಿಗೆ ಸಿಕ್ಕರೆ ಆಗುವ ನಷ್ಟ ಎಂಥದೆಂದು ನನಗೆ ಅನುಭವದಿಂದ ಗೊತ್ತು. ಬಹಳ ವರ್ಷಗಳ ಹಿಂದೆ ನಾನು ಬರೆದ ಚಿತ್ರವೊಂದರಲ್ಲಿ, ಮೋಹಿನಿ ಕಬ್ಬಿಣವನ್ನು ದಾಟಲಾರಳೆಂದು ಅಜ್ಜಿ ಮೊಮ್ಮಗನಿಗೆ ಹೇಳುವ ಎರಡು ನಿಮಿಷದ ದೃಶ್ಯವಿತ್ತು. ಉದ್ದವಾಯಿತೆಂದು ನಿರ್ಮಾಪಕರು ತೆಗೆಸಿದರು, ನಾನೂ ಸುಮ್ಮನಿದ್ದೆ. ಕೊನೆಯಲ್ಲಿ ನಾಯಕ ಹೊಸ್ತಿಲ ಮೇಲೆ ಕುಡುಗೋಲನ್ನಿಟ್ಟು ಕಣ್ಣು ಮುಚ್ಚಿ ಕುಳಿತಾಗ, ಗಾಂಧಿನಗರದ ಥಿಯೇಟರಿನಲ್ಲಿ ನನ್ನ ಹಿಂದಿನ ಸಾಲಿನವರು ‘ಎತ್ತಿ ಹೊಡಿಯೋ’ ಎಂದು ಕೂಗಿದರು. ಅವರ ತಪ್ಪೇನೂ ಇರಲಿಲ್ಲ.

ಈಗ ನಿಮ್ಮ ಕೈಯಲ್ಲೇ ಇರುವ ಸಂಪತ್ತನ್ನು ನೋಡಿ. ರಾತ್ರಿ ಬಂದು, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ನಮ್ಮ ಬಡಾವಣೆಗಳ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಅವಳು ಅದನ್ನು ಓದಿ ಹಿಂದಿರುಗುತ್ತಾಳೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತಾಳೆ. ಅಕ್ಷರ ಬಲ್ಲ, ಬರೆದದ್ದನ್ನು ಮೀರದ ದೆವ್ವ ಅವಳು. (ಈ ಎಳೆಯನ್ನು 2018ರಲ್ಲಿ ಹಿಂದಿಯವರು ಮಧ್ಯಪ್ರದೇಶದ ಚಂದೇರಿಗೆ ಒಯ್ದು ಗೆದ್ದರು, ನಮ್ಮವರಿಗೆ ಅದು ಮೊದಲೇ ಹೊಳೆಯಲಿಲ್ಲವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.) ವ್ಯಾಂಪೈರಿನ ಕಟ್ಟು ಇನ್ನೊಂದು ಬಗೆಯದು. 1897ರ ಡ್ರಾಕುಲಾ ಕಾದಂಬರಿಯ ಪ್ರಕಾರ, ಮನೆಯವರಲ್ಲಿ ಒಬ್ಬರು ಕರೆಯದೆ ಅವನು ಮೊದಲ ಸಲ ಒಳಗೆ ಬರಲಾರ. ಒಮ್ಮೆ ಕರೆದರೆ ಆಮೇಲೆ ಬೇಕಾದಾಗ ಬರಬಲ್ಲ. ಈ ಇಬ್ಬರನ್ನೂ ಒಂದೇ ಬಾಗಿಲ ಮುಂದೆ ನಿಲ್ಲಿಸಿ. ಅವಳ ಪಾಲಿಗೆ ‘ನಾಳೆ ಬಾ’ ಎಂಬುದು ಮುಚ್ಚಿದ ಬಾಗಿಲು, ಅವನ ಪಾಲಿಗೆ ಅದೇ ಮನೆಯವರು ತಮ್ಮ ಕೈಯಾರೆ ಬರೆದಿಟ್ಟ ಆಹ್ವಾನ. ಒಬ್ಬಳನ್ನು ತಡೆಯಲು ಬರೆದದ್ದು ಇನ್ನೊಬ್ಬನನ್ನು ಕರೆಯುತ್ತದೆ, ಅಳಿಸಿದರೆ ಅವಳು ಒಳಗೆ ಬರುತ್ತಾಳೆ. ನಿಮ್ಮ ಇಪ್ಪತ್ತು ಪುಟಗಳ ಹೊಡೆದಾಟದಲ್ಲಿ ಇಲ್ಲದ ಭಯ ಈ ಎರಡು ಪದಗಳಲ್ಲಿದೆ.

ಜಿಯಾಂಗ್‌ಶಿಯನ್ನೂ ಹೀಗೆಯೇ ಪರೀಕ್ಷಿಸಿ. ಸೆಟೆದ ಹೆಣವಾದ್ದರಿಂದ ಅದು ಕುಪ್ಪಳಿಸುತ್ತದೆ, ಎತ್ತರದ ಹೊಸ್ತಿಲನ್ನು ದಾಟಲಾರದು; ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ್ತಿಲು ಬೆರಳೆತ್ತರವೂ ಇರುವುದಿಲ್ಲ, ಮೇಲೆ ಹೋಗಲು ಲಿಫ್ಟ್ ಬೇರೆ ಇದೆ. ಹಾಂಗ್‌ಕಾಂಗಿನ ಚಿತ್ರಗಳಲ್ಲಿ ಅದನ್ನು ತಡೆಯಲು ಅಂಟಕ್ಕಿ ಎರಚುತ್ತಾರೆ. ಪೂರ್ವ ಯುರೋಪಿನ ಹಳ್ಳಿಗರು ವ್ಯಾಂಪೈರಿನ ದಾರಿಯಲ್ಲಿ ಗಸಗಸೆ ಚೆಲ್ಲುತ್ತಿದ್ದರು, ಕಾಳುಗಳನ್ನು ಎಣಿಸಿ ಮುಗಿಸದೆ ಅದು ಮುಂದೆ ಹೋಗಲಾರದೆಂಬ ನಂಬಿಕೆಯಿಂದ. ಬಾಣಂತಿಯ ಕೋಣೆಯ ಸುತ್ತ ಸಾಸಿವೆ ಚೆಲ್ಲಬೇಕೆಂದು ಚರಕಸಂಹಿತೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಸಾಸಿವೆ, ಮೆಣಸಿನಕಾಯಿ ನಿವಾಳಿಸುವುದು ಇನ್ನೂ ನಿಂತಿಲ್ಲ. ಮೂರು ನಾಡುಗಳ ಜನ ಹೆದರಿದಾಗ ಅಡುಗೆಮನೆಯ ಡಬ್ಬಿಗೇ ಕೈ ಹಾಕಿದ್ದಾರೆ. ನಿಮ್ಮ ನಾಯಕಿಯ ತಾಯಿಯನ್ನು ಆ ಅಡುಗೆಮನೆಯಲ್ಲಿ ನಿಲ್ಲಿಸಿದರೆ ಈ ಮಿಶ್ರಣಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಗುಳಿಗನನ್ನು ಮಾತ್ರ ಈ ಗುಂಪಿನಿಂದ ತೆಗೆದುಬಿಡಿ. ಇದನ್ನು ಸಲಹೆಗಿಂತ ಬೇಡಿಕೆ ಎಂದೇ ತಿಳಿಯಿರಿ. ಬಯಲುಸೀಮೆಯ ನಮಗೆ ಭೂತ ಎಂದರೆ ಹೆದರಿಕೆ. ತುಳುನಾಡಿನಲ್ಲಿ ಅದು ಊರು ಕಾಯುವ ದೈವ. ಆತನಿಗೆ ಇಂದಿಗೂ ಕೋಲ ಕೊಡುವವರಿದ್ದಾರೆ, ಹರಕೆ ಹೊತ್ತವರಿದ್ದಾರೆ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಆತ ತೀರಿಕೊಂಡ ಮೇಲೆ, 1894ರಿಂದ, ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಅವುಗಳ ತಲೆಬರಹ ತುಳುವರ ಆರಾಧನೆಯನ್ನು ಪಿಶಾಚಿಪೂಜೆ ಎಂದು ಕರೆಯಿತು. ಗುಳಿಗನನ್ನು ವ್ಯಾಂಪೈರಿನ ಪಕ್ಕ ನಿಲ್ಲಿಸಿದರೆ ನೀವೂ ಅದನ್ನೇ ಹೇಳಿದಂತಾಗುತ್ತದೆ. 2022ರಲ್ಲಿ ದೈವಗಳ ಕುರಿತ ಕನ್ನಡ ಚಿತ್ರ ದೇಶವೆಲ್ಲ ಓಡಿದ್ದರಿಂದ ನಿಮ್ಮ ನಿರ್ಮಾಪಕರು ಒತ್ತಾಯಿಸುತ್ತಿರಬಹುದು. ದಯವಿಟ್ಟು ಒಪ್ಪಬೇಡಿ.

ಉಳಿದವನು ಬ್ರಹ್ಮರಾಕ್ಷಸ. ಅವನಿಗೆ ನಿಮ್ಮ ಕಥೆಯಲ್ಲಿ ಗದರುವುದನ್ನು ಬಿಟ್ಟರೆ ಕೆಲಸವೇ ಇಲ್ಲ. ವಿದ್ಯೆಯಿದ್ದೂ ಅದನ್ನು ಕೇಡಿಗೆ ಬಳಸಿದ ಬ್ರಾಹ್ಮಣ ಸತ್ತ ಮೇಲೆ ಬ್ರಹ್ಮರಾಕ್ಷಸನಾಗುತ್ತಾನೆ ಎಂಬುದು ನಮ್ಮ ಹಿರಿಯರ ಕಥೆ. ನಿಮ್ಮ ವ್ಯಾಂಪೈರು ಪರದೇಶದವನು, ಅವನಿಗೆ ಕನ್ನಡ ಓದಲು ಬಾರದು. ಬಾಗಿಲ ಮೇಲಿನ ಆಹ್ವಾನವನ್ನು ಯಾರಾದರೂ ಅವನಿಗೆ ಓದಿ ಹೇಳಬೇಕು. ಬ್ರಹ್ಮರಾಕ್ಷಸ ಓದಬಲ್ಲ. ಓದಿ ಹೇಳಿದರೆ ತನ್ನ ಹಳೆಯ ಪಾಪವನ್ನೇ ಮತ್ತೊಮ್ಮೆ ಮಾಡಿದಂತೆ. ಹೇಳದೆ ಉಳಿದರೆ ಅವನಿಗೆ ಬಿಡುಗಡೆಯೂ ಸಿಗಬಹುದು. ಬೇರೆ ಎಲ್ಲವನ್ನೂ ಬದಿಗಿಟ್ಟು ಆ ದೃಶ್ಯವನ್ನು ಮೊದಲು ಬರೆದು ಕಳಿಸಿ. ಅವನು ಏನು ಮಾಡಿದನೆಂದು ತಿಳಿಯಲು ಕಾಯುತ್ತಿದ್ದೇನೆ.

ನಿಮ್ಮ ಹಿತೈಷಿ